ಮನಸ್ಸು ಒಪ್ಪಿದರೆ ಸಾಕೇ? ತಂಗಿಯ ಪಾಲೂ ಅಲ್ಲಾಹನ ಲೆಕ್ಕವೂ

"ನನಗೆ ಸರಿ ಕಂಡದ್ದೇ ಸರಿ" ಎಂಬ ಮಾತು ಈಗ ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಅಲ್ಲಾಹನೇ ಬುದ್ಧಿ ಕೊಟ್ಟಿರುವಾಗ ಪ್ರತಿಯೊಂದಕ್ಕೂ ಕಿತಾಬ್ ಯಾಕೆ ಎಂದು ಕಲಿತ ಮಕ್ಕಳು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಯೋಚಿಸಿರಿ ಎಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಕೆಡುಕು, ತಖ್ವಾ ಎರಡರ ಅರಿವನ್ನೂ ಆತ್ಮಕ್ಕೆ ಕೊಡಲಾಗಿದೆ ಎಂದು ಸೂರಃ ಅಶ್ಶಮ್ಸ್ ತಿಳಿಸುತ್ತದೆ. ಆದರೆ ಸ್ವಂತ ಲಾಭದ ವಿಷಯ ಬಂದಾಗ ಈ ಮನಸ್ಸು ಎಷ್ಟು ನೇರವಾಗಿ ನಿಲ್ಲುತ್ತದೆ? ಆಸ್ತಿ ಪಾಲಿನಲ್ಲಿ ಅದು ಗೊತ್ತಾಗುತ್ತದೆ.

ಬಾಪ ತೀರಿಹೋದ ಮನೆಯಲ್ಲಿ ಗಂಡುಮಕ್ಕಳು ಹೇಳುವುದಿಷ್ಟು: "ತಂಗಿಗೆ ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ, ಮತ್ತೆಂಥ ಪಾಲು? ಉಮ್ಮನನ್ನು ನೋಡಿಕೊಳ್ಳುವವರು ನಾವಲ್ವಾ?" ಹೇಳುವವರು ಕೆಟ್ಟವರಲ್ಲ, ಐದು ಹೊತ್ತು ನಮಾಝ್ ಮಾಡುವವರೇ. ಅವರ ಮನಸ್ಸಿಗೆ ಅದು ನ್ಯಾಯವೆಂದೇ ಕಾಣುತ್ತದೆ.

ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್(ರ) ಶಹೀದರಾದಾಗಲೂ ಹೀಗೇ ಆಗಿತ್ತು. ಅವರ ಸಹೋದರ ಆಸ್ತಿಯನ್ನೆಲ್ಲ ತೆಗೆದುಕೊಂಡರು. ಆ ಕಾಲದ ಅರಬರಲ್ಲಿ ಅದೇ ರೂಢಿ. ಪತ್ನಿ ಇಬ್ಬರು ಹೆಣ್ಣುಮಕ್ಕಳ ಜೊತೆ ಪ್ರವಾದಿ(ಸ)ಯವರ ಬಳಿ ಬಂದು ದೂರಿಕೊಂಡರು. ಪಾಲಿನ ಆಯತ್ ಅವತೀರ್ಣವಾಯಿತು. ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು, ಅವರ ತಾಯಿಗೆ ಎಂಟರಲ್ಲಿ ಒಂದು, ಉಳಿದದ್ದು ಮಾತ್ರ ಸಹೋದರನಿಗೆ ಎಂದು ತೀರ್ಪಾಯಿತೆಂದು ಹದೀಸ್‌ನಲ್ಲಿದೆ.

ಪಾಲು ವಿವರಿಸುವ ಅದೇ ಆಯತ್ (ಅನ್ನಿಸಾಅ್ 11), ತಂದೆತಾಯಿ-ಮಕ್ಕಳಲ್ಲಿ ಯಾರು ನಮಗೆ ಹೆಚ್ಚು ಉಪಕಾರಕ್ಕೆ ಬರುವವರೆಂದು ನಮಗೆ ತಿಳಿಯದು ಎನ್ನುತ್ತದೆ. ಅಣ್ಣಂದಿರ ವಾದ ನಿಂತಿರುವುದೇ ಆ ಅಂದಾಜಿನ ಮೇಲೆ.

ಲೆಕ್ಕ ಕಷ್ಟದ್ದಲ್ಲ. ಕಫನ್-ದಫನ್ ಖರ್ಚು, ಸಾಲ, ವಸಿಯ್ಯತ್ ಕಳೆದು 24 ಲಕ್ಷ ಉಳಿಯಿತು ಎನ್ನಿ. ವಾರಸುದಾರರು ಪತ್ನಿ, ಒಬ್ಬ ಮಗ, ಒಬ್ಬಳು ಮಗಳು ಮಾತ್ರವಾದರೆ ಪತ್ನಿಗೆ 3, ಮಗನಿಗೆ 14, ಮಗಳಿಗೆ 7 ಲಕ್ಷ. ಮದುವೆಯ ಚಿನ್ನ ಬಾಪ ಬದುಕಿದ್ದಾಗ ಕೊಟ್ಟ ಉಡುಗೊರೆ. ಅದನ್ನು ಇದರಲ್ಲಿ ಕಳೆಯುವ ಹಾಗಿಲ್ಲ.

ಹಾಗಾದರೆ ನಮ್ಮ ಇಷ್ಟಕ್ಕೆ ಜಾಗವೇ ಇಲ್ಲವೇ? ಇದೆ. ಮೂರನೇ ಒಂದರವರೆಗೆ, ವಾರಸುದಾರರಲ್ಲದವರಿಗೆ ವಸಿಯ್ಯತ್ ಮಾಡಬಹುದು. ತಂಗಿಯೂ ತನ್ನ ಪಾಲು ಇಷ್ಟೆಂದು ತಿಳಿದ ಮೇಲೆ ಸಂತೋಷದಿಂದ ಬಿಟ್ಟುಕೊಡಬಹುದು. ಆದರೆ ತವರು ತಪ್ಪಿಹೋದೀತೆಂಬ ಭಯಕ್ಕೆ "ನನಗೆ ಬೇಡ" ಎಂದರೆ? ನಾಚಿಕೆಗೆ ಸಿಲುಕಿ ಕೊಟ್ಟದ್ದನ್ನು ಪಡೆಯುವುದು ಕಿತ್ತುಕೊಂಡದ್ದಕ್ಕೆ ಸಮ ಎಂದು ಶಾಫಿಈ ವಿದ್ವಾಂಸರು ಬರೆದಿದ್ದಾರೆ. ಆ ಮಾತು ಸಂತೋಷದ್ದೋ ಭಯದ್ದೋ ಎಂದು ತಿಳಿಯಬೇಕಾದದ್ದು ಅಣ್ಣನ ಮನಃಸಾಕ್ಷಿ. ಅದಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ.

ಬಾಪ ತೀರಿಹೋಗಿ ವರ್ಷಗಳಾದರೂ ಪಾಲಾಗದ ಆಸ್ತಿ ಇದ್ದರೆ, ಮಹಲ್ಲ್‌ನ ಖತೀಬರ ಬಳಿ ಕೂತು ಲೆಕ್ಕ ಬರೆಸೋಣ. ತಂಗಿಯನ್ನೂ ಕರೆಯೋಣ. ಅವಳ ಪಾಲೆಷ್ಟೆಂದು ಮೊದಲು ಅವಳಿಗೇ ತಿಳಿಯಲಿ.