ಫಾರ್ಮುಲಾ 4 ರೇಸಿನ ಒಂದು ಸುತ್ತು: ವೇಗದ ಹಿಂದಿನ ಲೆಕ್ಕಾಚಾರ

2024ರ ಆಗಸ್ಟ್ 31 ಹಾಗೂ ಸೆಪ್ಟೆಂಬರ್ 1ರಂದು ಚೆನ್ನೈ ನಗರದ ಐಲ್ಯಾಂಡ್ ಮೈದಾನದ ಸುತ್ತಲಿನ ರಸ್ತೆಗಳಲ್ಲಿ ಫಾರ್ಮುಲಾ 4 ಇಂಡಿಯನ್ ಚಾಂಪಿಯನ್‌ಶಿಪ್‌ನ ಒಂದು ಸುತ್ತು ಜರುಗಿತು. ಸುಮಾರು 3.5 ಕಿ.ಮೀ. ಉದ್ದದ, 19 ತಿರುವುಗಳುಳ್ಳ ಪಥದಲ್ಲಿ ರಾತ್ರಿ ದೀಪಗಳ ಬೆಳಕಿನಲ್ಲಿ ಕಾರುಗಳು ಓಡಿದವು. ಗೆದ್ದವರ ಹೆಸರುಗಳು ಮರುದಿನ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಪ್ರಕಟವಾದವು. ಆದರೆ ವಾಣಿಜ್ಯ ವಲಯಕ್ಕೆ ಮುಖ್ಯವಾದ ಪ್ರಶ್ನೆಗಳು ಬೇರೆ. ಎರಡು ದಿನಗಳ ಸ್ಪರ್ಧೆಯ ವೆಚ್ಚವನ್ನು ಭರಿಸುವವರು ಯಾರು? ಸ್ಪರ್ಧೆ ಮುಗಿದ ಮೇಲೆ ಉಳಿಯುವ ಆಸ್ತಿ ಯಾವುದು?

ಸ್ಪರ್ಧೆಯ ಸ್ವರೂಪ

ಫಾರ್ಮುಲಾ 4 ಎಂಬುದು ಕಾರ್ಟಿಂಗ್‌ನಿಂದ ಮೇಲೇರುವ ಕಿರಿಯ ಚಾಲಕರಿಗಾಗಿ ಅಂತರರಾಷ್ಟ್ರೀಯ ಆಟೋಮೊಬೈಲ್ ಒಕ್ಕೂಟವಾದ ಎಫ್‌ಐಎ ರೂಪಿಸಿದ ಏಕಾಸನ ಕಾರುಗಳ ವರ್ಗ. ಇದರ ಮೊದಲ ಸರಣಿ 2014ರಲ್ಲಿ ಇಟಲಿಯಲ್ಲಿ ನಡೆಯಿತು. ಭಾರತದ ಸರಣಿ ಆರಂಭವಾದದ್ದು 2023ರಲ್ಲಿ. 15 ವರ್ಷ ತುಂಬಿದವರು ಇದರಲ್ಲಿ ಪಾಲ್ಗೊಳ್ಳಬಹುದು. ಪ್ರತಿ ಸುತ್ತಿನಲ್ಲಿ ಅಭ್ಯಾಸ, ಅರ್ಹತಾ ಓಟ ಹಾಗೂ ಒಂದಕ್ಕಿಂತ ಹೆಚ್ಚು ರೇಸ್‌ಗಳಿರುತ್ತವೆ. ಅಂಕಗಳು ವರ್ಷಾಂತ್ಯದವರೆಗೆ ಕೂಡುತ್ತಾ ಹೋಗುತ್ತವೆ. ಫಾರ್ಮುಲಾ 1ರ ಚಾಲನಾ ಪರವಾನಗಿಗೆ ಬೇಕಾದ 40 ಅಂಕಗಳಲ್ಲಿ ಫಾರ್ಮುಲಾ 4 ಚಾಂಪಿಯನ್‌ಗೆ 12ರವರೆಗೆ ದೊರೆಯಬಹುದು. ಅಂದರೆ ಇದು ದೀರ್ಘ ಏಣಿಯ ಮೊದಲ ಮೆಟ್ಟಿಲು ಮಾತ್ರ.

ಏಕರೂಪದ ಕಾರು, ವೆಚ್ಚಕ್ಕೆ ಕಡಿವಾಣ

ಈ ಸರಣಿಯಲ್ಲಿ ಎಲ್ಲರೂ ಫ್ರಾನ್ಸ್‌ನ ಮಿಗಾಲ್ ಸಂಸ್ಥೆಯ ಒಂದೇ ಮಾದರಿಯ ಕಾರನ್ನು, ಒಂದೇ ಬಗೆಯ ಎಂಜಿನ್ ಮತ್ತು ಟೈರುಗಳನ್ನು ಬಳಸುತ್ತಾರೆ. ಹೆಚ್ಚು ಹಣ ಸುರಿದು ಹೆಚ್ಚು ವೇಗದ ಯಂತ್ರವನ್ನು ಕೊಳ್ಳುವ ಅವಕಾಶ ಇಲ್ಲಿಲ್ಲ. ಯಂತ್ರ ಸಮಾನವಾದಾಗ ಚಾಲಕನ ಕೌಶಲ ಗೋಚರಿಸುತ್ತದೆ.

ಈ ತತ್ತ್ವ ನಮ್ಮ ದೇಶಕ್ಕೆ ಹೊಸದೇನಲ್ಲ. ಕೊಯಮತ್ತೂರಿನ ಉದ್ಯಮಿ ಎಸ್. ಕರಿವರ್ಧನ್ ಮಾರುತಿ ಕಾರಿನ ಎಂಜಿನ್ ಬಳಸಿ ಫಾರ್ಮುಲಾ ಮಾರುತಿ ಎಂಬ ಅಗ್ಗದ ರೇಸಿಂಗ್ ಕಾರನ್ನು ರೂಪಿಸಿದ್ದರು. ಅದೇ ಊರಿನ ನಾರಾಯಣ್ ಕಾರ್ತಿಕೇಯನ್ ಆ ಕಾರಿನಲ್ಲಿ ರೇಸಿಂಗ್ ಆರಂಭಿಸಿ, 2005ರಲ್ಲಿ ಫಾರ್ಮುಲಾ 1 ಪ್ರವೇಶಿಸಿದ ಮೊದಲ ಭಾರತೀಯರಾದರು. ಜವಳಿ ಗಿರಣಿ ಮತ್ತು ಎಂಜಿನಿಯರಿಂಗ್ ಕಾರ್ಖಾನೆಗಳ ಊರೊಂದು ಚಾಲಕನನ್ನು ಬೆಳೆಸಿದ ಬಗೆ ಇದು.

ಆದರೂ ಒಂದು ಮಾತನ್ನು ಮರೆಯುವಂತಿಲ್ಲ. ನಿಯಮಗಳು ಕಾರಿನ ವೆಚ್ಚಕ್ಕೆ ಮಿತಿ ಹಾಕಬಲ್ಲವೇ ಹೊರತು ಅಭ್ಯಾಸದ ದಿನಗಳು, ಪ್ರಯಾಣ, ತರಬೇತಿ ಮತ್ತು ಅಪಘಾತದ ದುರಸ್ತಿಯ ವೆಚ್ಚಕ್ಕಲ್ಲ. ಈ ಹೊರೆ ಬಹುಮಟ್ಟಿಗೆ ಚಾಲಕನ ಕುಟುಂಬದ ಮೇಲೆಯೇ ಬೀಳುತ್ತದೆ. ಪ್ರತಿಭೆಯಿದ್ದೂ ಹಣವಿಲ್ಲದ ಹುಡುಗ ಅಥವಾ ಹುಡುಗಿ ಹಿಂದೆ ಸರಿಯುವುದು ಈ ಹಂತದಲ್ಲಿಯೇ.

ಶಾಶ್ವತ ಪಥ ಮತ್ತು ತಾತ್ಕಾಲಿಕ ಪಥ

2024ರ ಸರಣಿಯ ಉಳಿದ ಸುತ್ತುಗಳು ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಪಥಗಳಲ್ಲಿ ನಡೆದವು. ಇವೆರಡೂ ಶಾಶ್ವತ ಪಥಗಳು. ಇವುಗಳ ಮೇಲಿನ ಹೂಡಿಕೆ ಬಂಡವಾಳ ವೆಚ್ಚವಾಗಿ ಹತ್ತಾರು ವರ್ಷಗಳಿಗೆ ಹಂಚಿಕೆಯಾಗುತ್ತದೆ. ನಗರದ ರಸ್ತೆಯಲ್ಲಿ ಹಾಗಲ್ಲ. ತಡೆಗೋಡೆ, ಬೇಲಿ, ದೀಪ, ಪ್ರೇಕ್ಷಕರ ಆಸನಗಳನ್ನು ನಿಲ್ಲಿಸಿ, ಎರಡೇ ದಿನಗಳ ಬಳಿಕ ತೆಗೆಯಬೇಕು. ಕೆಲವು ಸಾಮಗ್ರಿಗಳನ್ನು ಮರುಬಳಸಬಹುದಾದರೂ ರಸ್ತೆ ಮತ್ತೆ ರಸ್ತೆಯೇ ಆಗುತ್ತದೆ.

ಅಪಾಯವೂ ಹೆಚ್ಚು. ಚೆನ್ನೈ ರೇಸ್ ಮೂಲತಃ 2023ರ ಡಿಸೆಂಬರ್‌ನಲ್ಲಿ ನಡೆಯಬೇಕಿತ್ತು. ಮಿಚಾಂಗ್ ಚಂಡಮಾರುತದಿಂದ ಮುಂದೂಡಲ್ಪಟ್ಟಿತು. 2024ರ ಆಗಸ್ಟ್ 31ರಂದು ಸಹ ಪಥದ ಸುರಕ್ಷತಾ ಪ್ರಮಾಣಪತ್ರ ತಡವಾಗಿ ದೊರೆತು ಕಾರ್ಯಕ್ರಮ ವಿಳಂಬಗೊಂಡಿತು. ಹೈದರಾಬಾದಿನಲ್ಲಿ 2023ರ ಫೆಬ್ರುವರಿಯಲ್ಲಿ ನಗರದ ರಸ್ತೆಗಳ ಮೇಲೆ ನಡೆದ ಫಾರ್ಮುಲಾ ಇ ರೇಸ್, 2024ರಲ್ಲಿ ರದ್ದಾದದ್ದು ಇಲ್ಲಿ ಸ್ಮರಣಾರ್ಹ.

ಹಣ ಯಾರದು?

ಚೆನ್ನೈ ರೇಸನ್ನು ರೇಸಿಂಗ್ ಪ್ರಮೋಷನ್ಸ್ ಪ್ರೈವೇಟ್ ಲಿಮಿಟೆಡ್ ಮತ್ತು ತಮಿಳುನಾಡು ಕ್ರೀಡಾ ಅಭಿವೃದ್ಧಿ ಪ್ರಾಧಿಕಾರ ಜಂಟಿಯಾಗಿ ನಡೆಸಿದವು. ಸಾರ್ವಜನಿಕ ಹಣದ ಬಳಕೆ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಫೆಬ್ರುವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ರೇಸಿಗೆ ಅನುಮತಿ ನೀಡಿತಾದರೂ ಸರ್ಕಾರ ವ್ಯಯಿಸಿದ 42 ಕೋಟಿ ರೂಪಾಯಿಗಳನ್ನು ಖಾಸಗಿ ಸಂಸ್ಥೆ ಮರಳಿಸಬೇಕೆಂದು ನಿರ್ದೇಶಿಸಿತು. 2025ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿರ್ದೇಶನವನ್ನು ರದ್ದುಪಡಿಸಿತು. ಕಾನೂನಿನ ಪ್ರಶ್ನೆ ಹೀಗೆ ಇತ್ಯರ್ಥವಾದರೂ, ಲಾಭ ಮತ್ತು ನಷ್ಟದ ಪಾಲನ್ನು ಒಪ್ಪಂದದಲ್ಲಿಯೇ ಮೊದಲು ಸ್ಪಷ್ಟಪಡಿಸಿಕೊಳ್ಳಬೇಕೆಂಬ ಪಾಠ ಉಳಿಯುತ್ತದೆ.

ಪ್ರಾಯೋಜಕರ ಗಮನಕ್ಕೆ

ಕಿರಿಯ ಚಾಲಕರಿಗೆ ನೆರವಾಗಬಯಸುವ ಸಂಸ್ಥೆಗಳು ಎರಡು ಅಂಶಗಳನ್ನು ತಿಳಿದಿರಬೇಕು. ಮೊದಲನೆಯದು ಜಿಎಸ್‌ಟಿ. ಪ್ರಾಯೋಜಕತ್ವ ಸೇವೆ ನೀಡುವ ತಂಡ ಕಂಪೆನಿಯಾಗಿದ್ದರೆ, 2025ರ ಜನವರಿ 16ರಿಂದ ತೆರಿಗೆಯನ್ನು ಆ ತಂಡವೇ ವಿಧಿಸಿ ಪಾವತಿಸಬೇಕು. ಒಪ್ಪಂದ ನೇರವಾಗಿ ಚಾಲಕನೊಬ್ಬನ ಜತೆಗಿದ್ದರೆ, ಪ್ರಾಯೋಜಕ ಕಂಪೆನಿ ಅಥವಾ ಪಾಲುದಾರಿಕೆ ಸಂಸ್ಥೆ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತಾನೇ ತೆರಿಗೆ ಕಟ್ಟಬೇಕು.

ಎರಡನೆಯದು ಸಾಮಾಜಿಕ ಹೊಣೆಗಾರಿಕೆಯ ನಿಧಿ. ರಾಷ್ಟ್ರೀಯ ಮಾನ್ಯತೆ ಪಡೆದ ಕ್ರೀಡೆಗಳ ತರಬೇತಿಗೆ ಕಂಪೆನಿ ಕಾಯಿದೆಯ 7ನೇ ಅನುಸೂಚಿಯಲ್ಲಿ ಅವಕಾಶವಿದೆ. ಆದರೆ 2021ರ ತಿದ್ದುಪಡಿಯಂತೆ, ತನ್ನ ಉತ್ಪನ್ನದ ಪ್ರಚಾರಕ್ಕಾಗಿ ನೀಡುವ ಪ್ರಾಯೋಜಕತ್ವ ಈ ಲೆಕ್ಕಕ್ಕೆ ಬರುವುದಿಲ್ಲ. ಕಾರಿನ ಮೇಲೆ ಹೆಸರು ಬರೆಸಿಕೊಂಡ ವೆಚ್ಚವನ್ನು ಜಾಹೀರಾತು ವೆಚ್ಚವೆಂದೇ ತೋರಿಸುವುದು ಸೂಕ್ತ.

ನಗರದ ರೇಸ್ ಜನರನ್ನು ಸೆಳೆಯುತ್ತದೆ. ಅದರ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ಆದರೆ ಚಾಲಕರು ರೂಪುಗೊಳ್ಳುವುದು ವರ್ಷವಿಡೀ ತೆರೆದಿರುವ ಪಥಗಳಲ್ಲಿ, ಕೈಗೆಟುಕುವ ಕಾರುಗಳಲ್ಲಿ. ಎರಡು ರಾತ್ರಿಗಳ ದೀಪಾಲಂಕಾರಕ್ಕೆ ಸಲ್ಲುವ ಹಣದಲ್ಲಿ ಒಂದು ಪಾಲು ಅಭ್ಯಾಸದ ದಿನಗಳಿಗೂ ಸಂದರೆ, ಈ ಕ್ರೀಡೆಯ ಲೆಕ್ಕಪತ್ರದಲ್ಲಿ ಆಸ್ತಿಯ ಕಾಲಂ ಖಾಲಿ ಉಳಿಯಲಾರದು.