ಕುಡಿತದ ಲೆಕ್ಕ: ಬಾಯಿಮಾತೋ, ರಕ್ತಪರೀಕ್ಷೆಯೋ?

ತೋಟದ ಕಾರ್ಮಿಕರಲ್ಲಿ ಹೆಚ್ಚು ಕುಡಿಯುವವರು ಯಾರೆಂಬುದನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯಬಹುದಲ್ಲವೇ ಎಂದು ಸದಸ್ಯರೊಬ್ಬರು ಕೇಳಿದ್ದಾರೆ. ಉತ್ತರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಫಸಲಿನ ಬಗ್ಗೆ ನಾವು ಹೇಳುವ ಅಂದಾಜು ಒಂದು, ಕ್ಯೂರಿಂಗ್ ವರ್ಕ್ಸಿನ ತೂಕ ಇನ್ನೊಂದು. ಕುಡಿತದಲ್ಲಿಯೂ ಹಾಗೆಯೇ. ಜನರು ತಾವು ಕುಡಿದೆವೆಂದು ಹೇಳುವುದನ್ನೆಲ್ಲ ಕೂಡಿಸಿದರೆ, ಮಾರಾಟವಾದ ಮದ್ಯಕ್ಕಿಂತ ಅದು ಬಹಳ ಕಡಿಮೆಯಾಗುತ್ತದೆಂದು ಅನೇಕ ದೇಶಗಳ ಸಮೀಕ್ಷೆಗಳಲ್ಲಿ ಕಂಡುಬಂದಿದೆ. ಇದೆಲ್ಲ ಸುಳ್ಳೆಂದಲ್ಲ. ಮರೆವುಂಟು, ಸಂಕೋಚವುಂಟು, ಅಳತೆಯ ಗೊಂದಲವೂ ಉಂಟು. 30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇದ್ದರೆ, ಶೇಕಡಾ 5ರ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 25 ಗ್ರಾಂ ಇರುತ್ತದೆ. 'ಬರೀ ಬಿಯರ್' ಎನ್ನುವವರು ಇದನ್ನು ಗಮನಿಸಬೇಕು.

ಇನ್ನು ರಕ್ತದ ಸಾಕ್ಷ್ಯ. ಕುಡಿತದಿಂದ ಜಿಜಿಟಿ ಎಂಬ ಕಿಣ್ವ ಏರುತ್ತದೆ. ಬೊಜ್ಜಿನಿಂದಲೂ, ಮೂರ್ಛೆರೋಗದ ಕೆಲವು ಔಷಧಿಗಳಿಂದಲೂ ಏರುತ್ತದೆ. ಕೆಂಪು ರಕ್ತಕಣಗಳು ದೊಡ್ಡದಾಗುತ್ತವೆ; ಬಿ-12 ಜೀವಸತ್ವದ ಕೊರತೆಯಲ್ಲಿಯೂ ಹಾಗೆಯೇ. ಕಣದ ಆಯುಷ್ಯ ಸುಮಾರು 120 ದಿನವಾದ್ದರಿಂದ, ಕುಡಿತ ಬಿಟ್ಟವನ ರಕ್ತವೂ ಕೆಲವು ತಿಂಗಳು ಹಳೆಯ ಕಥೆಯನ್ನೇ ಹೇಳುತ್ತದೆ. ಸಿಡಿಟಿ ಎಂಬ ಪರೀಕ್ಷೆಯಲ್ಲಿ ಗುರುತು ಸಿಗಬೇಕಾದರೆ ಸಾಮಾನ್ಯವಾಗಿ ದಿನಕ್ಕೆ 50ರಿಂದ 80 ಗ್ರಾಂನಂತೆ ಎರಡು ವಾರವಾದರೂ ಕುಡಿದಿರಬೇಕು. ಫಾಸ್ಫಟಿಡೈಲ್ ಎಥನಾಲ್ ಎಂಬ ವಸ್ತು ಆಲ್ಕೋಹಾಲಿನಿಂದಲೇ ಉಂಟಾಗುವುದರಿಂದ ಹೆಚ್ಚು ನಂಬಿಕೆಗೆ ಅರ್ಹ. ಎರಡರಿಂದ ನಾಲ್ಕು ವಾರ ಪತ್ತೆಯಾಗುತ್ತದೆ. ಆದರೂ ಎಷ್ಟು ಪೆಗ್ಗು, ಯಾವ ಹೊತ್ತಿನಲ್ಲಿ ಎಂಬುದನ್ನು ಅದೂ ಹೇಳದು.

ಆದುದರಿಂದ ಇಂಥ ಪರೀಕ್ಷೆಯನ್ನು ನಂಬಿ ಯಾರನ್ನೂ ಕೆಲಸದಿಂದ ತೆಗೆಯುವುದು ನ್ಯಾಯವಲ್ಲ. ಶಿಕ್ಷೆಯ ಭಯವಿದ್ದಲ್ಲಿ ಬಾಯಿಂದ ನಿಜವೂ ಹೊರಡದು. ಗುಟ್ಟು ಉಳಿಯುವುದೆಂಬ ಭರವಸೆಯಿದ್ದಲ್ಲಿ ಜನ ಹೆಚ್ಚು ನಿಜ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ 'ಆಡಿಟ್' ಪಟ್ಟಿ ಈ ಕೆಲಸಕ್ಕೇ ಇದೆ. ಅದರಲ್ಲಿ 8 ಅಥವಾ ಹೆಚ್ಚು ಅಂಕ ಬಂದರೆ ಎಚ್ಚರ ವಹಿಸಬೇಕು.

ಈ ಎರಡು ಲೆಕ್ಕಗಳೂ ಕೂಡಬೇಕಾದ ಜಾಗ ವೈದ್ಯರ ಕೊಠಡಿ. ದಿನವೂ ಹೆಚ್ಚು ಕುಡಿಯುವವರು ಅದನ್ನು ಮುಚ್ಚಿಟ್ಟು ಶಸ್ತ್ರಚಿಕಿತ್ಸೆಗೆ ದಾಖಲಾದರೆ, ಕುಡಿತ ಹಠಾತ್ತನೆ ನಿಂತು ಎರಡು-ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಚಿತ್ತಭ್ರಮೆ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೂ ಅಪಾಯ. ಮೊದಲೇ ತಿಳಿದಿದ್ದರೆ ವೈದ್ಯರು ಅದನ್ನು ತಡೆಯಬಲ್ಲರು.

ಕಾರ್ಮಿಕರ ರಕ್ತ ಕೇಳುವ ಮೊದಲು, ಮಾಲೀಕರಾದ ನಾವು ನಮ್ಮ ವೈದ್ಯರಿಗೆ ಸರಿಯಾದ ಲೆಕ್ಕ ಕೊಡೋಣ.