ಕ್ರಿಪ್ಟೋಕರೆನ್ಸಿಯ ಕೀಲಿಗಳು ಮತ್ತು ಅವುಗಳ ಸಂರಕ್ಷಣೆ

ಕ್ರಿಪ್ಟೋಕರೆನ್ಸಿಯೊಂದಿಗೆ ಬಳಕೆಗೆ ಬಂದಿರುವ ಪದಗಳಲ್ಲಿ 'ವ್ಯಾಲೆಟ್' ಎಂಬುದು ಜನಸಾಮಾನ್ಯರನ್ನು ಅತ್ಯಂತ ಹೆಚ್ಚಾಗಿ ದಾರಿತಪ್ಪಿಸಿರುವ ಪದವೆಂದು ಹೇಳಬಹುದು. ವ್ಯಾಲೆಟ್ ಎಂದರೆ ಹಣದ ಚೀಲ; ಚೀಲದೊಳಗೆ ಹಣವಿರುತ್ತದೆ ಎಂಬುದು ಸಹಜವಾದ ಗ್ರಹಿಕೆ. ಆದರೆ ಬಿಟ್‌ಕಾಯಿನ್ ಮುಂತಾದವುಗಳ ವ್ಯಾಲೆಟ್ಟಿನಲ್ಲಿ ಹಣವೆಂಬುದು ಇರುವುದೇ ಇಲ್ಲ. ಯಾವ ವಿಳಾಸಕ್ಕೆ ಎಷ್ಟು ನಾಣ್ಯ ಸಲ್ಲುತ್ತದೆ ಎಂಬ ಲೆಕ್ಕವು, ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರಿಸಲಾಗುವ 'ಬ್ಲಾಕ್‌ಚೈನ್' ಎಂಬ ಬಹಿರಂಗ ಖಾತೆಪುಸ್ತಕದಲ್ಲಿ ದಾಖಲಾಗಿರುತ್ತದೆ. ವ್ಯಾಲೆಟ್ಟಿನಲ್ಲಿರುವುದು ಆ ಲೆಕ್ಕವನ್ನು ಬದಲಾಯಿಸುವ ಅಧಿಕಾರವನ್ನು ನೀಡುವ ಒಂದು ಗುಪ್ತ ಸಂಖ್ಯೆ ಮಾತ್ರ. ಇದಕ್ಕೆ ಖಾಸಗಿ ಕೀಲಿ ಎಂದು ಹೆಸರು. ಆದುದರಿಂದ ವ್ಯಾಲೆಟ್ಟನ್ನು ಚೀಲವೆನ್ನುವುದಕ್ಕಿಂತ ಬೀಗದ ಕೈಗೊಂಚಲು ಎನ್ನುವುದೇ ಹೆಚ್ಚು ಸಮಂಜಸ.

ಈ ಒಂದು ಅಂಶವನ್ನು ಸರಿಯಾಗಿ ಗ್ರಹಿಸಿದರೆ ಉಳಿದ ಎಚ್ಚರಿಕೆಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ. ಮೊಬೈಲ್ ಫೋನು ಕಳೆದುಹೋದರೂ ಕೀಲಿಯ ಪ್ರತಿ ಮನೆಯಲ್ಲಿದ್ದರೆ ನಾಣ್ಯ ಕಳೆಯುವುದಿಲ್ಲ. ಫೋನು ಜೇಬಿನಲ್ಲೇ ಭದ್ರವಾಗಿದ್ದರೂ ಕೀಲಿಯನ್ನು ಬೇರೊಬ್ಬರು ನಕಲು ಮಾಡಿಕೊಂಡಿದ್ದರೆ ನಾಣ್ಯ ಉಳಿಯುವುದಿಲ್ಲ.

ಸತೋಶಿ ನಾಕಾಮೊಟೊ ಎಂಬ ಗುಪ್ತನಾಮದಲ್ಲಿ 2008ರ ಅಕ್ಟೋಬರ್ 31ರಂದು ಪ್ರಕಟವಾದ ಪ್ರಬಂಧವೊಂದು ಬಿಟ್‌ಕಾಯಿನ್ನಿನ ಸ್ವರೂಪವನ್ನು ವಿವರಿಸಿತು. 2009ರ ಜನವರಿ 3ರಂದು ಅದರ ಖಾತೆಪುಸ್ತಕದ ಮೊದಲ ಪುಟ ಸಿದ್ಧವಾಯಿತು. ಯಾವುದೇ ಬ್ಯಾಂಕಿನ ಅಥವಾ ಸರ್ಕಾರದ ಮಧ್ಯಸ್ಥಿಕೆಯಿಲ್ಲದೆ ಹಣವನ್ನು ವರ್ಗಾಯಿಸುವುದು ಅದರ ಉದ್ದೇಶವಾಗಿತ್ತು. ಮಧ್ಯಸ್ಥರಿಲ್ಲದಿರುವುದು ಎಂದರೆ ಅಹವಾಲು ಕೇಳುವವರೂ ಇಲ್ಲದಿರುವುದು ಎಂಬುದನ್ನು ಮಾತ್ರ ಅನೇಕರು ತಡವಾಗಿ ಅರಿಯುತ್ತಾರೆ. ಪಾಸ್‌ಬುಕ್ ಕಳೆದರೆ ಅರ್ಜಿ ಕೊಟ್ಟು ಎರಡನೆಯದನ್ನು ಪಡೆಯಬಹುದು. ಖಾಸಗಿ ಕೀಲಿ ಕಳೆದರೆ ಅರ್ಜಿ ಸ್ವೀಕರಿಸುವ ಕಚೇರಿಯೇ ಇಲ್ಲ.

ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಪೋರ್ಟ್ ನಗರದ ಜೇಮ್ಸ್ ಹೊವೆಲ್ಸ್ ಎಂಬವರ ಪ್ರಕರಣ ಈ ವಿಷಯದಲ್ಲಿ ಸುಪ್ರಸಿದ್ಧ. ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯಿದ್ದ ಹಾರ್ಡ್ ಡಿಸ್ಕ್ 2013ರಲ್ಲಿ ಕಸದೊಡನೆ ನಗರದ ತ್ಯಾಜ್ಯರಾಶಿಗೆ ಸೇರಿತು. ಅದನ್ನು ಅಗೆದು ನೋಡಲು ಅವರು ಅನೇಕ ವರ್ಷಗಳ ಕಾಲ ನಗರಾಡಳಿತವನ್ನು ಕೋರಿ, ಕೊನೆಗೆ ಮೊಕದ್ದಮೆ ಹೂಡಿದರು. 2025ರ ಜನವರಿಯಲ್ಲಿ ಹೈಕೋರ್ಟು ಅದನ್ನು ವಜಾ ಮಾಡಿತು. ಸ್ಟೀಫನ್ ಥಾಮಸ್ ಎಂಬ ತಂತ್ರಜ್ಞರ ಸ್ಥಿತಿ ಇನ್ನೂ ವಿಚಿತ್ರ. 7,002 ಬಿಟ್‌ಕಾಯಿನ್‌ಗಳ ಕೀಲಿಯಿರುವ ಉಪಕರಣ ಅವರ ಕೈಯಲ್ಲೇ ಇತ್ತು. ಅದರ ಪಾಸ್‌ವರ್ಡ್ ಬರೆದಿಟ್ಟ ಕಾಗದ ಮಾತ್ರ ಕಳೆದಿತ್ತು. ಹತ್ತು ಬಾರಿ ತಪ್ಪು ಪಾಸ್‌ವರ್ಡ್ ಕೊಟ್ಟರೆ ಶಾಶ್ವತವಾಗಿ ಮುಚ್ಚಿಕೊಳ್ಳುವ ಆ ಉಪಕರಣದಲ್ಲಿ ಎಂಟು ಅವಕಾಶಗಳು ಮುಗಿದಿದ್ದವೆಂದು 2021ರಲ್ಲಿ ವರದಿಯಾಯಿತು. ಇವರಿಬ್ಬರೂ ಕಂಪ್ಯೂಟರ್ ಬಲ್ಲವರೇ ಎಂಬುದು ಗಮನಾರ್ಹ. ಇಲ್ಲಿ ಕೊರತೆಯಾದದ್ದು ಜ್ಞಾನವಲ್ಲ, ಎರಡನೆಯ ಪ್ರತಿ.

ಕೀಲಿಯನ್ನು ಪರರ ವಶಕ್ಕೆ ಒಪ್ಪಿಸುವುದು

ನಮ್ಮ ದೇಶದಲ್ಲಿ ಬಹುಪಾಲು ಜನರು ಕ್ರಿಪ್ಟೋಕರೆನ್ಸಿಯನ್ನು ವಿನಿಮಯ ಸಂಸ್ಥೆಗಳ ಮೂಲಕ ಕೊಂಡು ಅಲ್ಲಿಯೇ ಬಿಡುತ್ತಾರೆ. ಅಂಥ ಸಂದರ್ಭದಲ್ಲಿ ಕೀಲಿಯು ಸಂಸ್ಥೆಯ ಬಳಿ ಇರುತ್ತದೆಯೇ ಹೊರತು ಗ್ರಾಹಕರ ಬಳಿ ಅಲ್ಲ. ಗ್ರಾಹಕರ ಪರದೆಯ ಮೇಲೆ ಕಾಣುವ ಅಂಕಿಯು ಸಂಸ್ಥೆಯು ಅವರಿಗೆ ಕೊಡಬೇಕಾದ ಬಾಕಿಯ ಸೂಚನೆ ಮಾತ್ರ. ಟೋಕಿಯೊ ನಗರದ ಮೌಂಟ್ ಗಾಕ್ಸ್ ಸಂಸ್ಥೆಯು 2014ರಲ್ಲಿ ದಿವಾಳಿಯಾದಾಗ ಸುಮಾರು 8,50,000 ಬಿಟ್‌ಕಾಯಿನ್‌ಗಳು ಕಾಣೆಯಾಗಿದ್ದವು. ಆ ಪೈಕಿ ಸುಮಾರು 2,00,000 ಮಾತ್ರ ನಂತರ ದೊರೆತವು. ಭಾರತದ ವಜೀರ್‌ಎಕ್ಸ್ ಸಂಸ್ಥೆಯ ವ್ಯಾಲೆಟ್ಟಿನಿಂದ 2024ರ ಜುಲೈ 18ರಂದು 23 ಕೋಟಿ ಡಾಲರಿಗೂ ಅಧಿಕ ಮೌಲ್ಯದ ಆಸ್ತಿ ಕಳುವಾಯಿತು. ಅದು ಒಂದಕ್ಕಿಂತ ಹೆಚ್ಚು ಸಹಿಗಳಿಲ್ಲದೆ ತೆರೆಯದ ವ್ಯಾಲೆಟ್ಟಾಗಿತ್ತು.

ಕೆನಡಾದ ಕ್ವಾಡ್ರಿಗಾ ಸಂಸ್ಥೆಯ ಪ್ರಸಂಗಕ್ಕೆ ಭಾರತದ ನಂಟು ಉಂಟು. ಅದರ ಮುಖ್ಯಸ್ಥರಾಗಿದ್ದ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ಜೈಪುರದಲ್ಲಿ ನಿಧನರಾದರು. ಕೀಲಿಗಳು ಅವರೊಬ್ಬರಿಗೇ ಗೊತ್ತಿದ್ದುವೆಂದೂ ಆದುದರಿಂದ ಗ್ರಾಹಕರ ಹಣ ಸಿಗಲಾರದೆಂದೂ ಮೊದಲಿಗೆ ಹೇಳಲಾಯಿತು. ಆದರೆ ಒಂಟಾರಿಯೊ ಷೇರು ನಿಯಂತ್ರಣ ಆಯೋಗವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನಷ್ಟದ ಬಹುಭಾಗಕ್ಕೆ ಕಾರಣ ಅವರೇ ಎಸಗಿದ್ದ ವಂಚನೆ. ಕೀಲಿ ಕಳೆದುಹೋಯಿತೆಂಬ ಮಾತು ನಿಜವೋ ನೆಪವೋ ಎಂದು ಹೊರಗಿನವರು ಪರೀಕ್ಷಿಸುವುದು ಎಷ್ಟು ಕಷ್ಟವೆಂಬುದು ಇದರಿಂದ ವೇದ್ಯವಾಗುತ್ತದೆ.

ಹಾಗೆಂದು ಪ್ರತಿಯೊಬ್ಬರೂ ಕೀಲಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬೇಕೆಂದು ವಿಧಿಸುವುದೂ ವಿವೇಕವಲ್ಲ. ಕಾಗದಪತ್ರಗಳನ್ನು ಜೋಪಾನವಾಗಿಡುವ ಅಭ್ಯಾಸವಿಲ್ಲದವರಿಗೆ ಸ್ವಂತ ಕೀಲಿಯು ವಿನಿಮಯ ಸಂಸ್ಥೆಗಿಂತಲೂ ಹೆಚ್ಚಿನ ಅಪಾಯವನ್ನು ತಂದೀತು. ಅಲ್ಪ ಮೊತ್ತವನ್ನು ಸಂಸ್ಥೆಯಲ್ಲಿ ಬಿಟ್ಟು, ದೀರ್ಘಕಾಲ ಇರಿಸಬೇಕಾದುದನ್ನು ಮಾತ್ರ ಸ್ವಂತ ವಶಕ್ಕೆ ತೆಗೆದುಕೊಳ್ಳುವುದು ಅನೇಕರಿಗೆ ಒಗ್ಗುವ ಮಾರ್ಗ. 2023ರ ಮಾರ್ಚ್ 7ರ ಅಧಿಸೂಚನೆಯಂತೆ ಇಂಥ ಸಂಸ್ಥೆಗಳು ಹಣ ಅಕ್ರಮ ವರ್ಗಾವಣೆ ತಡೆ ಅಧಿನಿಯಮದ ವ್ಯಾಪ್ತಿಗೆ ಒಳಪಟ್ಟಿವೆ. ವ್ಯವಹಾರಕ್ಕೆ ಮುನ್ನ ಸಂಸ್ಥೆಯು ಹಣಕಾಸು ಗುಪ್ತವಾರ್ತಾ ಘಟಕದಲ್ಲಿ ನೋಂದಾಯಿತವಾಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ನೋಂದಣಿಯು ಕಳುವಿನ ವಿರುದ್ಧ ವಿಮೆಯಲ್ಲ ಎಂಬುದೂ ನೆನಪಿನಲ್ಲಿರಬೇಕು.

ಹನ್ನೆರಡು ಪದಗಳು

ಖಾಸಗಿ ಕೀಲಿಯು ಅಂಕಿಗಳಲ್ಲಿ ಬರೆದರೆ 78 ಸ್ಥಾನಗಳವರೆಗೆ ಹೋಗಬಲ್ಲ ಸಂಖ್ಯೆ. ಅದನ್ನು ಕೈಯಿಂದ ಬರೆಯುವಾಗ ಒಂದಂಕಿ ತಪ್ಪಿದರೂ ಎಲ್ಲವೂ ವ್ಯರ್ಥ. ಮೊದಮೊದಲ ಬಿಟ್‌ಕಾಯಿನ್ ತಂತ್ರಾಂಶಗಳಲ್ಲಿ ಹೊಸಹೊಸ ಕೀಲಿಗಳು ಸೃಷ್ಟಿಯಾಗುತ್ತಿದ್ದುದರಿಂದ ಹಳೆಯ ಬ್ಯಾಕಪ್ ಕೆಲಕಾಲದ ನಂತರ ಅಪೂರ್ಣವಾಗುತ್ತಿತ್ತು. ಒಂದೇ ಮೂಲಸಂಖ್ಯೆಯಿಂದ ಎಲ್ಲ ಕೀಲಿಗಳನ್ನೂ ಕ್ರಮವಾಗಿ ಪಡೆಯುವ ವಿಧಾನವು 2012ರಲ್ಲಿಯೂ, ಆ ಮೂಲಸಂಖ್ಯೆಯನ್ನು ಸಾಮಾನ್ಯ ಪದಗಳ ಸಾಲಾಗಿ ಬರೆಯುವ ವಿಧಾನವು 2013ರಲ್ಲಿಯೂ ರೂಪುಗೊಂಡವು. ಈ ಪದಗಳಿಗೆ 'ಸೀಡ್', ಎಂದರೆ ಬೀಜಪದಗಳು ಎಂದು ಹೆಸರು. 2,048 ಪದಗಳ ನಿಶ್ಚಿತ ಪಟ್ಟಿಯಿಂದ ತಂತ್ರಾಂಶವು 12 ಅಥವಾ 24 ಪದಗಳನ್ನು ಆರಿಸಿಕೊಡುತ್ತದೆ. ಹನ್ನೆರಡೇ ಪದಗಳಾದರೂ ಸಾಧ್ಯವಿರುವ ಸಾಲುಗಳ ಸಂಖ್ಯೆ 39 ಅಂಕಿಗಳಷ್ಟು ದೊಡ್ಡದು. ಊಹಿಸಿ ಕಂಡುಹಿಡಿಯುವುದು ಅಸಾಧ್ಯ. ಆದರೆ ಈ ಭರವಸೆ ಯಂತ್ರವು ಯಾದೃಚ್ಛಿಕವಾಗಿ ಆರಿಸಿದ ಪದಗಳಿಗೆ ಮಾತ್ರ ಅನ್ವಯಿಸುತ್ತದೆ. ತಮಗೆ ಇಷ್ಟವಾದ ಪದಗಳನ್ನು ತಾವೇ ಜೋಡಿಸಿಕೊಂಡವರು ಊಹೆಗೆ ದಾರಿ ತೆರೆದಂತಾಗುತ್ತದೆ.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಈ ಪದಪಟ್ಟಿಯು ಇಂಗ್ಲಿಷ್, ಜಪಾನಿ, ಕೊರಿಯನ್, ಸ್ಪ್ಯಾನಿಷ್, ಚೀನಿ, ಫ್ರೆಂಚ್, ಇಟಾಲಿಯನ್, ಜೆಕ್, ಪೋರ್ಚುಗೀಸ್ ಭಾಷೆಗಳಲ್ಲಿ ಇದೆ. ಭಾರತದ ಯಾವುದೇ ಭಾಷೆಯಲ್ಲಿ ಇಲ್ಲ. ಮನೆಯವರಿಗೆ ತಿಳಿಯಲೆಂದು ಪದಗಳನ್ನು ಕನ್ನಡಕ್ಕೆ ಅನುವಾದಿಸಿ ಬರೆದಿಟ್ಟರೆ ಅನರ್ಥವಾಗುತ್ತದೆ. ಪಟ್ಟಿಯಲ್ಲಿ 'ಸೀ' ಎಂಬ ಪದವೂ ಇದೆ, 'ಓಷನ್' ಎಂಬ ಪದವೂ ಇದೆ; 'ಸಮುದ್ರ' ಎಂದು ಬರೆದ ಕಾಗದವನ್ನು ಹತ್ತು ವರ್ಷಗಳ ಬಳಿಕ ನೋಡಿದವರಿಗೆ ಇವೆರಡರಲ್ಲಿ ಯಾವುದೆಂದು ಹೇಗೆ ತಿಳಿಯಬೇಕು? ಭಾಷಾಂತರವು ಎಷ್ಟೇ ಸೊಗಸಾಗಿದ್ದರೂ ಈ ಒಂದು ಕಡೆ ಅದು ಸಲ್ಲದು. ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ, ಬಿಡಿಬಿಡಿಯಾಗಿ, ಪ್ರತಿಯೊಂದಕ್ಕೂ ಕ್ರಮಾಂಕ ಹಾಕಿ ಬರೆಯತಕ್ಕದ್ದು. ಕ್ರಮ ಬದಲಾದರೆ ಕೀಲಿಯೂ ಬದಲಾಗುತ್ತದೆ. ಪಟ್ಟಿಯ ಯಾವ ಎರಡು ಇಂಗ್ಲಿಷ್ ಪದಗಳಿಗೂ ಮೊದಲ ನಾಲ್ಕು ಅಕ್ಷರಗಳು ಒಂದೇ ಆಗಿಲ್ಲವಾದ್ದರಿಂದ ಆ ನಾಲ್ಕಕ್ಷರ ಸ್ಪಷ್ಟವಾಗಿ ಓದಲು ಬಂದರೂ ಪದ ದೊರೆತಂತೆಯೇ.

ಬೀಜಪದಗಳ ಛಾಯಾಚಿತ್ರ ತೆಗೆಯಬಾರದು. ಫೋನಿನಲ್ಲಿ ತೆಗೆದ ಚಿತ್ರವು ಮಾಲೀಕರ ಅರಿವಿಲ್ಲದೆಯೇ ದೂರದ ಸಂಗ್ರಹಾಗಾರಕ್ಕೆ ನಕಲಾಗುವ ವ್ಯವಸ್ಥೆ ಇಂದು ಸಾಮಾನ್ಯವಾಗಿದೆ. ಇಮೇಲ್ ಕರಡಿನಲ್ಲಿ ಅಥವಾ ವಾಟ್ಸ್‌ಆಪ್‌ನಲ್ಲಿ ತಮಗೆ ತಾವೇ ಕಳುಹಿಸಿಕೊಂಡು ಇಡುವುದೂ ಇದೇ ಬಗೆಯ ಅಪಾಯ. ಉತ್ತಮವಾದದ್ದು ಕಾಗದ ಮತ್ತು ಲೇಖನಿ. ಅದಕ್ಕಿಂತ ಉತ್ತಮವಾದದ್ದು ಉಕ್ಕಿನ ತಗಡು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಅಲ್ಲಿನ ಕನ್ನಡಿಗರು ಮರೆತಿರಲಾರರು. 2015ರ ಡಿಸೆಂಬರಿನ ನೆರೆಯಲ್ಲಿ ಚೆನ್ನೈನ ಅಸಂಖ್ಯ ಮನೆಗಳ ದಾಖಲೆಪತ್ರಗಳು ನೀರುಪಾಲಾದುವು. ನಕಲು ಪ್ರಮಾಣಪತ್ರಗಳನ್ನು ನೀಡಲು ಸರ್ಕಾರವೇ ಶಿಬಿರಗಳನ್ನು ನಡೆಸಿತು. ಬೀಜಪದಗಳ ನಕಲನ್ನು ನೀಡುವ ಶಿಬಿರ ಇರಲಾರದು. ಉಕ್ಕಿನ ತಗಡಿನ ಮೇಲೆ ಅಕ್ಷರಗಳನ್ನು ಒತ್ತಿಸಿಟ್ಟರೆ ನೀರಿಗೂ ಮನೆಯ ಬೆಂಕಿಗೂ ಅದು ತಡೆಯುತ್ತದೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಅದು ತಕ್ಕ ಲೋಹವಲ್ಲ. ಅಕ್ಷರ ಒತ್ತುವ ಕೆಲಸವನ್ನು ಅಂಗಡಿಯವರಿಗೆ ವಹಿಸದೆ ಸ್ವತಃ ಮಾಡಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಪ್ರತಿಗಳು ಎರಡಾದರೂ ಇರಬೇಕು, ಅವು ಒಂದೇ ಸೂರಿನಡಿ ಇರಬಾರದು. ಒಂದು ಮನೆಯಲ್ಲಿದ್ದರೆ ಇನ್ನೊಂದು ಬ್ಯಾಂಕಿನ ಲಾಕರಿನಲ್ಲಿ ಅಥವಾ ಊರಿನ ಮನೆಯ ಭದ್ರವಾದ ಪೆಟ್ಟಿಗೆಯಲ್ಲಿರಬಹುದು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳಂತೆ ಬೆಂಕಿ, ಕಳವು, ಸಿಬ್ಬಂದಿಯ ವಂಚನೆ ಮುಂತಾದ ಸಂದರ್ಭಗಳಲ್ಲಿ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟು ಮೊತ್ತಕ್ಕೆ ಬ್ಯಾಂಕು ಹೊಣೆಯಾಗುತ್ತದೆ. ಒಳಗಿದ್ದುದರ ಬೆಲೆ ಎಷ್ಟಿತ್ತೆಂಬುದು ಈ ಲೆಕ್ಕಕ್ಕೆ ಬರುವುದಿಲ್ಲ.

ಹನ್ನೆರಡು ಪದಗಳನ್ನು ಆರಾರಾಗಿ ಹರಿದು ಎರಡು ಕಡೆ ಇಡುವ ಉಪಾಯ ಕೆಲವರಿಗೆ ಜಾಣತನವಾಗಿ ತೋರುತ್ತದೆ. ವಾಸ್ತವದಲ್ಲಿ ಅದು ಎರಡು ಬಗೆಯಲ್ಲೂ ನಷ್ಟದ ವ್ಯಾಪಾರ. ಯಾವುದೇ ಒಂದು ತುಂಡು ಕಳೆದರೂ ಮಾಲೀಕರ ಪಾಲಿಗೆ ಎಲ್ಲವೂ ಹೋದಂತೆ. ಅರ್ಧ ಸಿಕ್ಕಿದ ಕಳ್ಳನಿಗೆ ಊಹಿಸಬೇಕಾದ ಭಾಗ ಅಗಾಧವಾಗಿ ಕುಗ್ಗುತ್ತದೆ. ಹಂಚಿಡಬೇಕೆನ್ನುವವರಿಗೆ ಶಾಸ್ತ್ರೀಯ ಮಾರ್ಗವೊಂದಿದೆ. ಗಣಿತಜ್ಞ ಆದಿ ಶಮೀರ್ 1979ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ರಹಸ್ಯವನ್ನು ಮೂರು ಪಾಲುಗಳಾಗಿಸಿ, ಯಾವ ಎರಡು ಸೇರಿದರೂ ಪೂರ್ಣ ರಹಸ್ಯ ಸಿಗುವಂತೆಯೂ, ಒಂದೇ ಪಾಲಿನಿಂದ ಏನೂ ತಿಳಿಯದಂತೆಯೂ ಮಾಡಬಹುದು. ಮೂರು ಪ್ರತ್ಯೇಕ ಕೀಲಿಗಳಲ್ಲಿ ಎರಡರ ಸಹಿಯಿದ್ದರೆ ಮಾತ್ರ ಹಣ ಹೊರಡುವ ವ್ಯಾಲೆಟ್ಟುಗಳೂ ಇವೆ. ಮೊತ್ತ ದೊಡ್ಡದಿರುವವರು ಇವನ್ನು ಪರಿಶೀಲಿಸಬಹುದು. ಉಳಿದವರಿಗೆ ಈ ಜಟಿಲತೆಯೇ ಹೊಸ ಅಪಾಯವಾದೀತು.

ಬರೆದಿಟ್ಟದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವ ಕ್ರಮವನ್ನು ಬಹುತೇಕ ಯಾರೂ ಅನುಸರಿಸುವುದಿಲ್ಲ. ದೊಡ್ಡ ಮೊತ್ತವನ್ನು ಸೇರಿಸುವ ಮುನ್ನ ಅತ್ಯಲ್ಪ ಮೊತ್ತವನ್ನು ವ್ಯಾಲೆಟ್ಟಿಗೆ ಕಳುಹಿಸಿ, ನಂತರ ಆ ವ್ಯಾಲೆಟ್ಟನ್ನು ಸಂಪೂರ್ಣ ಅಳಿಸಿ, ಬರೆದಿಟ್ಟ ಪದಗಳಿಂದಲೇ ಮರಳಿ ಪಡೆದು ನೋಡಬೇಕು. ಅಲ್ಪ ಮೊತ್ತ ಮತ್ತೆ ಕಾಣಿಸಿಕೊಂಡರೆ ಪ್ರತಿಯು ನಂಬಲರ್ಹ. ಪದಗಳ ಮೇಲೆ ಹೆಚ್ಚುವರಿ ಗುಪ್ತನುಡಿಯನ್ನು ಇಟ್ಟುಕೊಂಡಿದ್ದರೆ ಅದನ್ನೂ ಬೇರೆಡೆ ಬರೆದಿಡಬೇಕು. ಅದಿಲ್ಲದೆ ಪದಗಳಷ್ಟರಿಂದಲೇ ಆ ಹಣ ಬಾರದು.

ಉಪಕರಣಗಳು ಮತ್ತು ವಂಚನೆ

ನಿತ್ಯ ಅಂತರಜಾಲದಲ್ಲಿರುವ ಫೋನಿನ ವ್ಯಾಲೆಟ್ಟಿಗಿಂತ, ಕೀಲಿಯನ್ನು ತನ್ನೊಳಗೇ ಇರಿಸಿಕೊಂಡು ಸಹಿಯನ್ನಷ್ಟೇ ಹೊರಗೆ ಕಳುಹಿಸುವ ಹಾರ್ಡ್‌ವೇರ್ ವ್ಯಾಲೆಟ್ ಹೆಚ್ಚು ಸುರಕ್ಷಿತ. ಇವು 2014ರಿಂದ ಮಾರುಕಟ್ಟೆಯಲ್ಲಿವೆ. ತಯಾರಕರಿಂದ ನೇರವಾಗಿ ಕೊಳ್ಳಬೇಕು. ಪದಗಳನ್ನು ಮೊದಲೇ ಮುದ್ರಿಸಿದ ಚೀಟಿಯೊಡನೆ ಬಂದ ಉಪಕರಣವನ್ನು ಬಳಸಲೇಬಾರದು, ಏಕೆಂದರೆ ಆ ಪದಗಳು ಕಳುಹಿಸಿದವನಿಗೂ ಗೊತ್ತು. ಹಣ ಕಳುಹಿಸುವಾಗ ವಿಳಾಸವನ್ನು ಉಪಕರಣದ ಸ್ವಂತ ಪರದೆಯ ಮೇಲೆ ಓದಿ ತಾಳೆ ನೋಡಬೇಕು. ನಕಲಿಸಿದ ವಿಳಾಸವನ್ನು ನಡುವೆಯೇ ಬದಲಾಯಿಸುವ ದುಷ್ಟ ತಂತ್ರಾಂಶಗಳಿವೆ. 2025ರ ಫೆಬ್ರವರಿಯಲ್ಲಿ ಬೈಬಿಟ್ ಸಂಸ್ಥೆಯಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ನಾಣ್ಯ ಹೋದಾಗಲೂ, ಸಹಿ ಹಾಕಿದವರ ಕಂಪ್ಯೂಟರ್ ಪರದೆಯ ಮೇಲೆ ಕಂಡದ್ದು ಎಂದಿನ ವ್ಯವಹಾರದಂತೆಯೇ ಇತ್ತು.

ಯಾವುದೇ ಸಂಸ್ಥೆಯ ಸಹಾಯಕ, ಅಧಿಕಾರಿ ಅಥವಾ ಪೊಲೀಸರೆಂದು ಹೇಳಿಕೊಂಡು ಬೀಜಪದಗಳನ್ನು ಕೇಳುವವರು ವಂಚಕರೇ. ಇದಕ್ಕೆ ಅಪವಾದವಿಲ್ಲ. ಕಳೆದ ನಾಣ್ಯವನ್ನು ಮರಳಿಸಿಕೊಡುವುದಾಗಿ ಮುಂಗಡ ಕೇಳುವವರು ಎರಡನೆಯ ಸಲ ಸುಲಿಯಲು ಬಂದವರು. ಕಳುವಾದುದು ತಿಳಿದೊಡನೆ ಉಳಿದುದನ್ನು ಹೊಸ ಬೀಜಪದಗಳ ಹೊಸ ವ್ಯಾಲೆಟ್ಟಿಗೆ ವರ್ಗಾಯಿಸಿ, 1930 ಸಂಖ್ಯೆಗೆ ಕರೆ ಮಾಡಿ, ವ್ಯವಹಾರದ ಗುರುತುಸಂಖ್ಯೆಯೊಡನೆ ದೂರು ದಾಖಲಿಸಬೇಕು. ನಾಣ್ಯ ಯಾವುದಾದರೂ ವಿನಿಮಯ ಸಂಸ್ಥೆಯನ್ನು ತಲುಪಿದ್ದರೆ ತಡೆಹಿಡಿಸುವ ಅವಕಾಶವುಂಟು.

ಕೀಲಿಯೊಂದಿಗೆ ಕೊಂಡ ದಿನಾಂಕ ಮತ್ತು ಬೆಲೆಯ ದಾಖಲೆಯೂ ಉಳಿದಿರಬೇಕು. 2022ರ ಏಪ್ರಿಲ್ 1ರಿಂದ ಈ ಆಸ್ತಿಯ ವರ್ಗಾವಣೆಯ ಆದಾಯಕ್ಕೆ ಶೇಕಡಾ 30ರ ತೆರಿಗೆ ಅನ್ವಯಿಸುತ್ತದೆ; ಕೊಂಡ ಬೆಲೆಯ ಹೊರತು ಬೇರೆ ಖರ್ಚನ್ನು ಕಳೆಯುವಂತಿಲ್ಲ. ಬೆಲೆಯ ದಾಖಲೆ ಮುಚ್ಚಿಹೋದ ಸಂಸ್ಥೆಯೊಂದರ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ.

ವಾರಸುದಾರರಿಗೆ

ಮಗ ಪುಣೆಯಲ್ಲಿ, ತಂದೆತಾಯಿ ಧಾರವಾಡದಲ್ಲಿ ಇರುವಂಥ ಕುಟುಂಬಗಳಲ್ಲಿ ಇಂಥ ಆಸ್ತಿಯೊಂದು ಇದೆಯೆಂಬುದೇ ಮನೆಯವರಿಗೆ ತಿಳಿಯದೆ ಹೋಗಬಹುದು. ಉತ್ತರಾಧಿಕಾರ ಪ್ರಮಾಣಪತ್ರವು ಹಕ್ಕನ್ನು ಕೊಡುತ್ತದೆ, ಕೀಲಿಯನ್ನು ಕೊಡಲಾರದು. ಬೀಜಪದಗಳನ್ನು ಉಯಿಲಿನಲ್ಲಿಯೇ ಬರೆಯುವುದೂ ಸರಿಯಲ್ಲ. ಉಯಿಲು ಸಾಕ್ಷಿಗಳು, ವಕೀಲರು, ನ್ಯಾಯಾಲಯ ಹೀಗೆ ಅನೇಕರ ಕಣ್ಣಿಗೆ ಬೀಳುವ ದಾಖಲೆ. ಉಯಿಲಿನಲ್ಲಿ ಆಸ್ತಿಯ ಉಲ್ಲೇಖವಷ್ಟೇ ಇದ್ದು, ಯಾವ ವ್ಯಾಲೆಟ್, ಯಾವ ತಂತ್ರಾಂಶ, ಪದಗಳ ತಗಡು ಎಲ್ಲಿದೆ, ಸಹಾಯಕ್ಕೆ ಬಂಧುಗಳಲ್ಲಿ ಯಾರನ್ನು ಕರೆಯಬೇಕು ಎಂಬುದನ್ನು ತಿಳಿಸುವ ಪ್ರತ್ಯೇಕ ಪತ್ರವು ಮನೆಯವರಿಗೆ ಅರ್ಥವಾಗುವ ಕನ್ನಡದಲ್ಲಿ ಇರಲಿ. ಪದಗಳು ಮಾತ್ರ ಆ ಪತ್ರದಲ್ಲಿ ಇರಬಾರದು. ಪತ್ರವನ್ನು ವರ್ಷಕ್ಕೊಮ್ಮೆ, ಆದಾಯ ತೆರಿಗೆಯ ವಿವರ ಸಲ್ಲಿಸುವ ದಿನಗಳಲ್ಲಿ ತೆರೆದು, ಬದಲಾದುದನ್ನು ತಿದ್ದಿ, ದಿನಾಂಕ ಹಾಕಿ ಮತ್ತೆ ಲಕೋಟೆಯಲ್ಲಿರಿಸತಕ್ಕದ್ದು.